ಆರಾಮ, ಮತ್ತ?

ಅತ್ತಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯೊಳಗಿನ ಕಲ್ಲಿನ ಹಾಗೆ ನುಣುಪು. ಮೂವತ್ತು ವರ್ಷ ಸಿಮೆಂಟು, ಉಸುಕು, ಇಟ್ಟಂಗಿ ಹೊತ್ತ ಕೈ ಅದು. ಸಿಮೆಂಟು ಮೊದಲು ಚರ್ಮ ತಿಂದಿತು, ಆಮೇಲೆ ನಿಧಾನವಾಗಿ ಗೆರೆಗಳನ್ನೂ ತಿಂದಿತು. ರೇಷನ್ ಅಂಗಡಿಯ ಮಷಿನ್ನು ಅವಳ ಹೆಬ್ಬೆರಳನ್ನು ಮೂರು ಸಲ ಮುಟ್ಟಿ ನೋಡಿ, ಮೂರು ಸಲವೂ ಕೆಂಪು ದೀಪ ಹಾಕಿ, ಇಂಥ ಹೆಂಗಸು ಭೂಮಿಯ ಮೇಲೆ ಇಲ್ಲ ಎಂದು ತೀರ್ಪು ಕೊಡುತ್ತಿತ್ತು. "ಈ ಡಬ್ಬಿಗೆ ನಾ ಕಾಣೂದಿಲ್ಲ ನೋಡಪ್ಪ. ನನ್ನ ಹೊಟ್ಟಿಗೆ ಮಾತ್ರ ನಾ ಕಾಣ್ತೇನಿ," ಎಂದು ಅವಳು ಖಾಲಿ ಚೀಲ ಮಡಚಿಕೊಂಡು ಬರುತ್ತಿದ್ದಳು. ಕೌಂಟರು, ಕಿಟಕಿ, ಸಾಲು, ಮಷಿನ್ನು ಅಂದರೆ ಅವಳಿಗೆ ಬೇಸರ ಹುಟ್ಟಿದ್ದು ಹಾಗೆ.

ಗೋವೆಯ ವಾಸ್ಕೋ ಬಂದರಿನ ಪಕ್ಕದ ಸಡಾ ಗುಡ್ಡದ ಮೇಲೆ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಬಂದರಿನಲ್ಲಿ ಹಮಾಲಿ. ಅವ್ವ ಮತ್ತು ಅತ್ತಿ ದಾಬೋಲಿಮ್ ಕಡೆ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಗೌಂಡಿಯ ಕೈಕೆಳಗೆ ಕಾಂಕ್ರೀಟು ಹೊರುವವರು. ಎರಡೂ ಮನೆಯವರು ವಿಜಯಪುರದ ಕಡೆಯಿಂದ ಬಂದವರು ಎನ್ನುವುದು ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೂ ನಾನು ಮಾತು ಕಲಿತಾಗಿನಿಂದ ಆಕೆ ನನಗೆ ಅತ್ತಿ. ಮಗಳನ್ನು ಫೋಂಡಾಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಒಬ್ಬಳೇ ಇದ್ದಳು, ಆದರೆ ಅವಳ ಮನೆ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ. ಗೋಡೆಯ ಈ ಕಡೆ ಅಪ್ಪ ನನಗೆ ಬೈಯಲು ಶುರುಮಾಡಿದರೆ ಆ ಕಡೆಯಿಂದ ಒಂದು ಕೆಮ್ಮು ಕೇಳುತ್ತಿತ್ತು. 'ಸಾಕ್ ಬಿಡ್ರಿ, ಹುಡುಗ ಸೊರಗ್ತಾನ' ಎಂದು ಅದರ ಅರ್ಥ. ಅಪ್ಪ ದನಿ ಇಳಿಸುತ್ತಿದ್ದ. ನಾನು ಬೈಸಿಕೊಳ್ಳುವ ಕೆಲಸಗಳನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದೆನೆಂದರೆ, ಆ ಹೆಂಗಸಿಗೆ ದಿನಕ್ಕೆ ಹತ್ತು ಸಲವಾದರೂ ಕೆಮ್ಮಬೇಕಾಗುತ್ತಿತ್ತು.

ನಮ್ಮ ಓಣಿಗೆ ಒಂದೇ ನಳ. ಬೆಳಿಗ್ಗೆ ಒಂದೂವರೆ ತಾಸು ನೀರು. ಆ ನಳದ ಪಕ್ಕದ ಕಟ್ಟೆ ಅತ್ತಿಯ ಜಾಗ. ತನ್ನ ಎರಡು ಕೊಡ ತುಂಬಿದ ಮೇಲೂ ಅವಳು ಏಳುತ್ತಿರಲಿಲ್ಲ. ಬಂದವರನ್ನೆಲ್ಲ ಕೇಳುತ್ತಿದ್ದಳು:

"ಆರಾಮ ಅದೀಯೇನವಾ?"

"ಆರಾಮ ಅದೀನ್ರಿ ಅತ್ತಿ."

ಇದು ನಮ್ಮ ಕಡೆಯ ವಾಡಿಕೆ. ಕಾಲು ಮುರಿದವನೂ ಆರಾಮ. ಕೆಲಸ ಹೋದವನೂ ಆರಾಮ. ನೆತ್ತಿಯ ಮೇಲೆ ತೆಂಗಿನಕಾಯಿ ಬಿದ್ದವನನ್ನು ಕೇಳಿದರೂ, ಅವನು ಮೊದಲು ಆರಾಮ ಎಂದು ಹೇಳಿಯೇ ಮೂರ್ಛೆ ಹೋಗುತ್ತಾನೆ. ಅತ್ತಿಗೆ ಅದು ಗೊತ್ತಿತ್ತು. ಆ ಆರಾಮವನ್ನು ಕೇಳಿಸಿಕೊಂಡು, ಕೊಡ ಅರ್ಧ ತುಂಬುವ ತನಕ ಸುಮ್ಮನಿದ್ದು, ಆಮೇಲೆ ಮುಖ ನೋಡಿ ಒಂದೇ ಶಬ್ದ ಕೇಳುತ್ತಿದ್ದಳು: "ಮತ್ತ?"

ಅಷ್ಟೇ. ಆ ಶಬ್ದಕ್ಕೆ ಜನ ಬಾಯಿ ಬಿಡುತ್ತಿದ್ದರು.

ಬಾಗಲಕೋಟೆ ಕಡೆಯಿಂದ ಆಗಷ್ಟೇ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಒಂದು ದಿನ ಆರಾಮ ಎಂದಳು. ಅತ್ತಿ "ಮತ್ತ?" ಎಂದಳು. ಹುಡುಗಿ ಕೊಡದ ಬಾಯಿಯನ್ನೇ ನೋಡುತ್ತ ನಿಂತಳು. ಕೊಡ ತುಂಬಿತು, ಉಕ್ಕಿತು, ನಮ್ಮ ಕಾಲ ಕೆಳಗೆಲ್ಲ ನೀರು. ಸಾಲಿನಲ್ಲಿದ್ದವರು ಕೂಗಿದರು, ಎಲ್ಲರಿಗಿಂತ ಜೋರಾಗಿ ನಾನು. ಅತ್ತಿ ಅಲುಗಲಿಲ್ಲ. ಕೊನೆಗೆ ಹುಡುಗಿ ಅತ್ತುಬಿಟ್ಟಳು. ಬಸುರಿಯಂತೆ. ಎರಡು ದಿನದಿಂದ ಹೊಟ್ಟೆಯಲ್ಲಿ ತುತ್ತು ನಿಂತಿಲ್ಲವಂತೆ. ಹೇಳಿಕೊಳ್ಳಲು ಈ ಗುಡ್ಡದ ಮೇಲೆ ತನ್ನವರು ಅಂತ ಯಾರೂ ಇಲ್ಲವಂತೆ. ಅತ್ತಿ ಆ ಕೊಡವನ್ನು ತನ್ನ ಟೊಂಕಕ್ಕೆ ಏರಿಸಿಕೊಂಡು, ಹುಡುಗಿಯ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿ, ನುಚ್ಚು ಮಜ್ಜಿಗೆ ಕಲಸಿ ಕುಡಿಸಿದಳು.

ಸಂಜೆ ನಾನು ಸಿಟ್ಟು ತೀರಿಸಿಕೊಂಡೆ. "ಅತ್ತಿ, ನಿನ್ನ 'ಮತ್ತ'ದಾಗ ಇವತ್ತ ನನ್ನ ಜಳಕಾನ ಹೋತು."

"ನೀ ಜಳಕಾ ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ, ಹೋಗಲೇ," ಎಂದು ನಕ್ಕಳು. ಆಮೇಲೆ, "ಮೊದಲನೇ ಆರಾಮ ಬಾಯಿಂದ ಬರ್ತೈತಿ ತಮ್ಮಾ. ಎರಡನೇ ಸಲಾ ಕೇಳಿದ್ರ ಹೊಟ್ಟ್ಯಾಗಿಂದ ಬರ್ತೈತಿ. ಹೊಟ್ಟಿ ದೂರ ಐತಿ. ಬರಾಕ ಹೊತ್ತ ಹಿಡಿತೈತಿ. ನಿಂದರಬೇಕು," ಎಂದಳು.

ನಾನು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವನು. ಮೂರನೇ ಯತ್ನಕ್ಕೆ ಪಾಸಾದವನು. ನಾನು ಹಿಡಿದ ಕೆಲಸಗಳೆಲ್ಲ ನನ್ನನ್ನು ನೋಡಿ ತಾವೇ ರಾಜೀನಾಮೆ ಕೊಟ್ಟು ಹೋಗಿದ್ದವು. ಹೋಟೆಲಿನಲ್ಲಿ ಕೈ ತೊಳೆಯುವ ನಿಂಬೆನೀರನ್ನು ಸೂಪು ಎಂದು ಒಬ್ಬ ವಿದೇಶಿಗೆ ಕುಡಿಸಿದ್ದೆ. ಅವನು ಇನ್ನೊಂದು ಬಟ್ಟಲು ಕೇಳಿದ್ದರಿಂದ ಸಿಕ್ಕಿಬಿದ್ದೆ. ಹೀಗಿರುವಾಗ ಪಣಜಿಯ ಒಂದು ಸಂಶೋಧನಾ ಕೇಂದ್ರಕ್ಕೆ ಕನ್ನಡ ಬಲ್ಲ ಸರ್ವೇದವರು ಬೇಕು ಎಂದು ಗೊತ್ತಾಯಿತು. ಊರು ಬಿಟ್ಟು ಬಂದ ಕೂಲಿಯವರ ನೆಮ್ಮದಿಯನ್ನು ಅಳೆಯುವ ಸಂಶೋಧನೆ. ಕೈಗೆ ಕಾಸು ಬಂದರೆ ನೆಮ್ಮದಿ ಬರುತ್ತದೆಯೋ, ನೆರೆಹೊರೆ ಚಲೋ ಇದ್ದರೆ ಬರುತ್ತದೆಯೋ, ಕಷ್ಟದಲ್ಲಿ ಕರೆಯಲು ಒಬ್ಬ ಮನುಷ್ಯ ಇದ್ದರೆ ಬರುತ್ತದೆಯೋ ಎಂದು ಮನೆಮನೆಗೆ ಹೋಗಿ ಕೇಳಬೇಕು. ಅದನ್ನು ನಡೆಸುತ್ತಿದ್ದ ಮೇಡಂ ಗೋವೆಯವರೇ. ಕೊಂಕಣಿ, ಹಿಂದಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನನ್ನನ್ನು ನಂಬಿದರು. ಅದು ಅವರ ಒಂದೇ ತಪ್ಪು.

ಹನ್ನೆರಡು ಪುಟದ ಫಾರಂ. ಕನ್ನಡಕ್ಕೆ ತಂದವರು ಯಾರೋ ಮಹಾಪಂಡಿತರು. ಮೊದಲ ಪ್ರಶ್ನೆಯನ್ನು ನಾನು ಅತ್ತಿಯ ಮುಂದೆ ತಾಲೀಮು ಮಾಡಿದೆ. "ಒಟ್ಟಾರೆಯಾಗಿ ತಾವು ತಮ್ಮ ಜೀವನದ ಬಗ್ಗೆ ಎಷ್ಟರಮಟ್ಟಿನ ಸಂತೃಪ್ತಿಯನ್ನು ಹೊಂದಿರುವಿರಿ?"

ಅತ್ತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಇದು ಯಾವ ಭಾಷಾಲೇ?"

"ಕನ್ನಡಾ, ಅತ್ತಿ."

"ಖರೇನ? ಹಂಗಾರ ನಾವ್ ಇಷ್ಟ ದಿನ ಏನ ಮಾತಾಡಾಕತ್ತಿದ್ವಿ?"

ಎರಡನೇ ಪ್ರಶ್ನೆ ಏಣಿಯದು. ಹತ್ತು ಮೆಟ್ಟಿಲಿನ ಏಣಿ ಇದೆ ಎಂದು ಊಹಿಸಿಕೊಳ್ಳಿ, ಎಲ್ಲಕ್ಕಿಂತ ಮೇಲಿನದು ಅತ್ಯಂತ ಒಳ್ಳೆಯ ಬದುಕು, ಕೆಳಗಿನದು ಅತ್ಯಂತ ಕೆಟ್ಟದ್ದು, ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ? ನಮ್ಮ ಮಾತಿನಲ್ಲಿ ಏಣಿ ಅಂದರೆ ನಿಚ್ಚಣಿಕಿ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಾಂಕ್ರೀಟಿನ ಬುಟ್ಟಿ ಇಟ್ಟುಕೊಂಡು ಮೂವತ್ತು ವರ್ಷ ನಿಚ್ಚಣಿಕಿ ಹತ್ತಿದವಳಿಗೆ ಈ ಪ್ರಶ್ನೆ ಹಾಕಿದ್ದೆ.

"ಯಾವ ಗ್ವಾಡಿಗೆ ಆನಿಸಿ ಇಟ್ಟಾರ?" ಎಂದಳು.

"ಗ್ವಾಡಿ ಇಲ್ಲತ್ತಿ. ಬರೇ ನಿಚ್ಚಣಿಕಿ. ಮನಸಿನ್ಯಾಗ."

"ಕೆಳಗ ಹಿಡಕೊಂಡಾವ್ರ ಯಾರು?"

"ಯಾರೂ ಇಲ್ಲ."

"ಯಾರೂ ಹಿಡಕೊಳ್ಳದ ನಿಚ್ಚಣಿಕಿ ಮ್ಯಾಲ ನಾ ಯಾಕ ಹತ್ಲಿ? ಹೋಗ್, ನಿಮ್ಮ ಮೇಡಮ್ಮಗ ಕೇಳ್ಕೊಂಡ ಬಾ."

ಇದನ್ನು ನಾನು ತರಬೇತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮೇಡಂ ಮಾತ್ರ ನಗದೆ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಫಾರಂ ಕೊನೆಯಲ್ಲಿ ಆರೋಗ್ಯದ ಭಾಗವಿತ್ತು. ಉಸಿರಾಟದ ತೊಂದರೆ ಇದೆ ಎಂದವರಿಗೆ ನಾವು ಒಂದು ಹಳದಿ ಚೀಟಿ ಕೊಡಬೇಕು. ಫಾರಂ ಮುಗಿದ ಮೇಲೆ ಒಂದು ಭಾನುವಾರ ಗುಡ್ಡದ ಬುಡಕ್ಕೆ ಡಾಕ್ಟರ ಗಾಡಿ ಬರುತ್ತದೆ. ಚೀಟಿ ಇದ್ದವರನ್ನು ಅಲ್ಲೇ ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಸಾಲಿಲ್ಲ, ಕಿಟಕಿಯಿಲ್ಲ. "ಹೆಬ್ಬಟ್ಟ ಹಚ್ಚೋ ಮಷಿನ್ನೂ ಇಲ್ಲತ್ತಿ," ಎಂದು ನಾನು ಆಸೆ ಹುಟ್ಟಿಸಿದೆ. "ನಿಂಗ ದಮ್ಮ ಹತ್ತತೈತೇನು?"

ಅತ್ತಿ ಮೊರದೊಳಗಿನ ಅಕ್ಕಿಯನ್ನು ಒಂದು ಸುತ್ತು ಆಡಿಸಿದಳು. "ಇವತ್ತ ಆಟಾ ಆಡಾಕತ್ತಿ. ನೀ ಖರೇ ಖರೇ ಕೇಳಾಕ ಬಾ, ಆವಾಗ ಹೇಳ್ತೇನಿ."

ಕೆಲಸ ಶುರುವಾಯಿತು. ಸಡಾದಲ್ಲಿ ನನ್ನ ಪಾಲಿಗೆ ಎಂಬತ್ತು ಮನೆ, ಕೈಯಲ್ಲಿ ಹತ್ತು ಹಳದಿ ಚೀಟಿ. ಮೊದಲ ದಿನ ಒಬ್ಬ ಅಜ್ಜನಿಗೆ 'ಸಂತೃಪ್ತಿ' ಎಂದರೇನು ಎಂದು ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಅಜ್ಜ ಅದು ಯಾರದೋ ಹೆಣ್ಣುಮಗಳ ಹೆಸರೆಂದು ತಿಳಿದಿದ್ದ. ಎರಡನೇ ದಿನ ನನ್ನ ತಲೆಯಲ್ಲಿ ಬೆಳಕು ಮೂಡಿತು. ನನ್ನ ತಲೆಯಲ್ಲಿ ಬೆಳಕು ಮೂಡಿದಾಗಲೆಲ್ಲ ಎಲ್ಲೋ ಒಂದು ಕಡೆ ಬೆಂಕಿ ಬಿದ್ದಿರುತ್ತದೆ. ಅಷ್ಟುದ್ದದ ಪ್ರಶ್ನೆ ಯಾಕೆ? "ಆರಾಮ ಅದೀರಿ?" ಎಂದು ಕೇಳಿದರಾಯಿತು.

"ಆರಾಮ ಅದೀವ್ರಿ."

ಆರಾಮ ಎಂದರೆ ಹತ್ತಕ್ಕೆ ಹತ್ತು. ಆರಾಮ ಇದ್ದವರಿಗೆ ದುಃಖವೆಲ್ಲಿ, ದಮ್ಮೆಲ್ಲಿ? ಉಳಿದ ಹನ್ನೊಂದು ಪುಟವನ್ನು ನಾನೇ ದಾರಿಯಲ್ಲಿ ತುಂಬಿದೆ. ಒಂದು ಮನೆಗೆ ನಾಲ್ಕು ನಿಮಿಷ. ಎರಡು ವಾರದಲ್ಲಿ ಸಡಾದ ಗುಡ್ಡವನ್ನು ಈ ಲೋಕದ ಅತ್ಯಂತ ಸುಖಿ ಗುಡ್ಡ ಮಾಡಿಬಿಟ್ಟೆ. ಹತ್ತು ಹಳದಿ ಚೀಟಿಗಳಲ್ಲಿ ಒಂದೂ ಖರ್ಚಾಗಲಿಲ್ಲ.

ಅತ್ತಿಯ ಮನೆ ನನ್ನ ಪಟ್ಟಿಯಲ್ಲಿ ಕೊನೆಯದು. ನಾನು ಬರುವ ದಿನ ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಹೋಗಿರಲಿಲ್ಲ. ಅಂಗಳ ಸಾರಿಸಿ, ಮಗಳು ಕೊಡಿಸಿದ ಹಸಿರು ಸೀರೆ ಉಟ್ಟುಕೊಂಡು, ಚುರಮುರಿಗೆ ಒಗ್ಗರಣೆ ಹಾಕಿ, ಚಾಪೆ ಹಾಸಿ ಕೂತಿದ್ದಳು. ಯಾವ ಮಷಿನ್ನಿಗೂ ಕಾಣದವಳನ್ನು ಯಾರೋ ಕೇಳಲು ಬರುತ್ತಿದ್ದಾರಲ್ಲ. ನನಗೋ ಅವಸರ. ಸರ್ವೇ ತಂಡದಲ್ಲಿದ್ದ ಮಡಗಾಂವ್‌ನ ಹುಡುಗಿಯೊಬ್ಬಳು ವಾಸ್ಕೋದ ಗಾಡಿಯಲ್ಲಿ ಕೋಳಿ ಸಾರು ಸುರಿದು ಕೊಡುವ ರಸ್ ಆಮ್ಲೆಟ್ ತಿನ್ನಲು ಬರುತ್ತೇನೆ ಎಂದಿದ್ದಳು. ಗೆಳೆಯ ರಸ್ತೆಯಲ್ಲಿ ಬೈಕಿನ ಹಾರ್ನು ಒತ್ತುತ್ತಿದ್ದ. ನಾನು ಚಪ್ಪಲಿ ಕೂಡ ಬಿಡದೆ ಹೊಸ್ತಿಲ ಆಚೆಯೇ ನಿಂತೆ.

"ಅತ್ತಿ, ಆರಾಮ?"

"ಆರಾಮಪ್ಪ. ಒಳಗ ಬಾ, ಚಾ ಇಟ್ಟೇನಿ."

"ಚಾ ಬ್ಯಾಡ. ಆತು, ಬರಕೊಂಡೆ."

ಅವಳು ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಏಳುವುದಕ್ಕೆ ಹೊತ್ತು ಹಿಡಿಯಿತು. ಅದನ್ನು ಆ ದಿನ ನಾನು ನೋಡಿದೆ. ಕಂಡದ್ದು ಮಾತ್ರ ಬಹಳ ಆಮೇಲೆ.

"ಆತ? ಇಷ್ಟಾನ? ಮತ್ತೇನೂ ಕೇಳೂದಿಲ್ಲೇನು?"

"ನಿಂದೆಲ್ಲಾ ನಂಗ ಗೊತ್ತ ಐತಲ್ಲತ್ತಿ. ನಾನ ತುಂಬಕೊಳ್ತೇನಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಹಾರ್ನು ಮತ್ತೆ ಕೂಗಿತು. "ಹೋಗ್ ಹೋಗ್, ಗೆಳೆಯಾ ಕಾಯಾಕತ್ತಾನ," ಎಂದಳು. ಒಪ್ಪಿಗೆಯ ಹೆಬ್ಬೆಟ್ಟು ಹಾಕಿಸುವುದು ನೆನಪಾದದ್ದು ಆಮ್ಲೆಟ್ ಗಾಡಿಯ ಮುಂದೆ. ಅತ್ತಿಯ ಹೆಬ್ಬೆಟ್ಟು ಹೇಗೂ ಮಸಿಯ ಕಲೆಯ ಹಾಗೆ ಬೀಳುತ್ತದೆ ಎಂದುಕೊಂಡು ನನ್ನದೇ ಒತ್ತಿದೆ. ಏಣಿ: ಒಂಬತ್ತು. ಕಷ್ಟದಲ್ಲಿ ಕರೆಯಲು ಮನುಷ್ಯರಿದ್ದಾರೆಯೇ: ಹೌದು. ಉಸಿರಾಟದ ತೊಂದರೆ: ಇಲ್ಲ. ಪುಟದ ಮೇಲೆ ರಸದ ಹನಿ ಬಿತ್ತು, ಒರೆಸಿದೆ. ಮಡಗಾಂವ್‌ನ ಹುಡುಗಿ ಬರಲಿಲ್ಲ. ಅವಳ ಪಾಲಿನ ಆಮ್ಲೆಟನ್ನೂ ನಾನೇ ತಿಂದೆ.

ಮೇಡಂ ದಡ್ಡರಲ್ಲ. ಮುಂದಿನ ಬುಧವಾರ ಫಾರಂಗಳ ಕಟ್ಟು ಹಿಡಿದುಕೊಂಡು ಸಡಾಕ್ಕೇ ಬಂದರು. ನಾಲ್ಕೈದು ಮನೆಗೆ ಮತ್ತೆ ಹೋಗಿ ಪರೀಕ್ಷೆ ಮಾಡಬೇಕು, ನೀನೂ ಜೊತೆಗೆ ಬಾ ಎಂದರು. ಕಣ್ಣು ಮುಚ್ಚಿ ಎಳೆದ ಮೊದಲ ಫಾರಂ ಅತ್ತಿಯದು.

ಅತ್ತಿ ಮತ್ತೆ ಚಾಪೆ ಹಾಸಿದಳು. ಮೇಡಂ ಕೊಂಕಣಿಯಲ್ಲಿ, ನಡುನಡುವೆ ಹಿಂದಿಯಲ್ಲಿ ಕೇಳತೊಡಗಿದರು. ಸೈಟಿನಲ್ಲಿ ಕಲಿತ ಕೊಂಕಣಿ ಅತ್ತಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಈ ಹುಡುಗ ನಿಮ್ಮ ಮನೆಗೆ ಬಂದಿದ್ದನೇ? ಬಂದಿದ್ದ. ಕೂತು ಕೇಳಿದನೇ? ಅತ್ತಿ ನನ್ನ ಮುಖ ನೋಡಿದಳು. ಆ ಹೊತ್ತಿಗೆ ನನ್ನ ಬೆವರು ಇಳಿದು ಜುವಾರಿ ನದಿ ಸೇರುತ್ತಿತ್ತು. ಕೂತಿದ್ದ, ಚಹಾ ಕುಡಿದ, ಎಲ್ಲ ಕೇಳಿದ, ಒಂದೊಂದನ್ನೂ ಎರಡೆರಡು ಸಲ ಕೇಳಿದ ಎಂದಳು ಅತ್ತಿ.

ಮೇಡಂ ಹೆಬ್ಬೆಟ್ಟಿನ ಗುರುತು ತೋರಿಸಿದರು. ಗೆರೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಇದು ನಿಮ್ಮದೇ? ಅತ್ತಿ ಎರಡೂ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡು, ನನ್ನದೇ ಎಂದಳು.

ಕೊನೆಗೆ ಮೇಡಂ ಆ ಪ್ರಶ್ನೆಗೆ ಬಂದರು. ಉಸಿರಿನ ತ್ರಾಸ್ ಇದೆಯೇ?

ಅತ್ತಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದಳು. "ನೀ ಏನ ಬರದೀಯಪ್ಪಾ?"

ಆಗ ನಾನು ಒಂದು ಮಾತು ಹೇಳಬಹುದಿತ್ತು. ಹನ್ನೆರಡು ಪುಟವೂ ಸುಳ್ಳು ಎಂದು ಮೇಡಂಗೆ ಹೇಳಿದ್ದರೆ ಹೋಗುತ್ತಿದ್ದುದು ಒಂದು ಕೆಲಸ. ಕೆಲಸ ಕಳೆದುಕೊಳ್ಳುವುದರಲ್ಲಿ ನನ್ನಷ್ಟು ಅನುಭವ ಇಡೀ ಗೋವೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ನಾನು ನೆಲ ನೋಡುತ್ತ, "ಇಲ್ಲ ಅಂತ ಬರದೇನತ್ತಿ," ಎಂದೆ.

"ಹಂಗಾರ ಇಲ್ಲ," ಎಂದಳು. ಮೇಡಂ ಕಡೆ ತಿರುಗಿ ಕೊಂಕಣಿಯಲ್ಲೂ ಇಲ್ಲ ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಡಂ ಅದನ್ನು ನಾಚಿಕೆ ಎಂದು ತಿಳಿದಿರಬೇಕು. ಅದು ಕೆಮ್ಮು.

ಮೇಡಂಗೆ ಅಷ್ಟಕ್ಕೇ ನಂಬಿಕೆ ಬಂತು, ಬೇರೆ ಮನೆಗಳಿಗೆ ಹೋಗಲಿಲ್ಲ. ಅವರು ಹೋದ ಮೇಲೆ ನಾನು ಅತ್ತಿಯ ಕಾಲು ಮುಟ್ಟಿ, "ಅತ್ತಿ, ನೀ ದೇವರು," ಎಂದೆಲ್ಲ ನಾಟಕ ಮಾಡಿದೆ. "ಸಾಕ್ ಏಳ್. ಕೆಲಸ ಉಳೀತಲ್ಲ. ನಿಮ್ಮವ್ವ ಭಾಳ ಖುಷಿ ಆಗ್ಯಾಳ ನಿಂಗ ಕೆಲಸ ಸಿಕ್ಕಿದ್ದಕ್ಕ," ಎಂದಳು. ಹತ್ತೂ ಹಳದಿ ಚೀಟಿಗಳು ನನ್ನ ಚೀಲದಲ್ಲೇ ಇದ್ದವು. ಕೊಡಬಹುದಿತ್ತು. ಆದರೆ ಯಾವ ಫಾರಮ್ಮಿಗೆ ಯಾವ ಚೀಟಿ ಎಂದು ಗಾಡಿಯಲ್ಲಿ ತಾಳೆ ನೋಡುತ್ತಿದ್ದರು. ಅತ್ತಿಯ ಕೈಯಲ್ಲಿ ಚೀಟಿ ಕಂಡರೆ ನಾನು ಸಿಕ್ಕಿಬೀಳುತ್ತಿದ್ದೆ. ಗಾಡಿ ಇನ್ನೊಮ್ಮೆ ಬಂದಾಗ ಕೊಟ್ಟರಾಯಿತು ಎಂದುಕೊಂಡೆ. ಅವಳಿಗೆ 'ಮತ್ತ?' ಎಂದು ಕೇಳಲೂ ಇಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆ. ಆ ಭಾನುವಾರ ಗಾಡಿ ಬಂತು, ಗುಡ್ಡದ ಬುಡದಲ್ಲಿ ಮಧ್ಯಾಹ್ನದ ತನಕ ನಿಂತಿತು, ಸಡಾದಲ್ಲಿ ಯಾರಿಗೂ ತೊಂದರೆಯಿಲ್ಲವೆಂದು ಹೋಯಿತು.

ಆ ದಿನಗಳಲ್ಲಿ ಗೋಡೆಯ ಆಚೆಯ ಕೆಮ್ಮು ಹೆಚ್ಚಾಗಿತ್ತು. ಅಪ್ಪ ನನಗೆ ಬೈಯುತ್ತಿರಲಿಲ್ಲ, ಕೆಲಸ ಸಿಕ್ಕಿತ್ತಲ್ಲ. ಆದರೂ ಕೆಮ್ಮು. "ಅತ್ತಿ, ಇವತ್ತ ಯಾರೂ ಬೈದಿಲ್ಲ, ರಜಾ ತಗೋ," ಎಂದು ನಾನು ಈ ಕಡೆಯಿಂದ ಕೂಗಿ ನಗುತ್ತಿದ್ದೆ. ಅವಳೂ ಆ ಕಡೆ ನಗಲು ಹೋಗಿ ಇನ್ನಷ್ಟು ಕೆಮ್ಮುತ್ತಿದ್ದಳು.

ಇಪ್ಪತ್ತು ದಿನದ ಮೇಲೆ, ಬೆಳಿಗ್ಗೆ, ತುಂಬಿದ ಕೊಡ ಎತ್ತಲು ಹೋಗಿ ನಳದ ಕಟ್ಟೆಯ ಮೇಲೆ ಕುಸಿದಳು. ಅವ್ವ ಮತ್ತು ನಾನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಫೋಂಡಾದಿಂದ ಮಗಳು ಓಡಿಬಂದಳು. ವರ್ಷಗಟ್ಟಲೆ ಸಿಮೆಂಟಿನ ಧೂಳು ಕುಡಿದ ಎದೆ ಎಂದರು ಡಾಕ್ಟರು. ನಾನು ಅವರನ್ನು ಒಂದು ಮೂಲೆಗೆ ಕರೆದು, ಒಂದು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಅದನ್ನು ಹೇಳೋಕಾಗಲ್ಲ. ಆದರೆ ಈ ಒಂದು ತಿಂಗಳು ಇಷ್ಟು ಕಷ್ಟಪಟ್ಟು ಉಸಿರಾಡಬೇಕಾಗಿರಲಿಲ್ಲ," ಎಂದರು.

ಮೂಗಿಗೆ ನಳಿಕೆ ಹಾಕಿದ್ದರು. ನಾನು ಪಕ್ಕದಲ್ಲಿ ಕೂತೆ. ಈ ಸಲ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದೆ.

"ಅತ್ತಿ, ಆರಾಮ?"

"ಆರಾಮ."

ನಾನು ಕಾದೆ. ಮಂಚದ ಕಂಬಿಯ ಮೇಲಿನ ಅವಳ ನುಣುಪು ಬೆರಳುಗಳನ್ನು ನೋಡುತ್ತ ಕಾದೆ. ಆಮೇಲೆ ಕೇಳಿದೆ. "ಮತ್ತ?"

ಅವಳ ಕಣ್ಣು ಸಣ್ಣಗಾಯಿತು. ನಕ್ಕಳು ಎಂದು ಕಾಣುತ್ತದೆ. "ಈಗ ಕೇಳಿದಿ ನೋಡ್, ಮಗನ." ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. "ದಮ್ಮ ಹತ್ತತೈತಪ್ಪ. ಭಾಳ ದಿನಾ ಆತು. ಒಬ್ಬಾಕಿನ ಇದ್ದಾಗ ಅಂಜಿಕಿ ಬರ್ತೈತಿ."

ಈ ಉತ್ತರ ಬರೆದುಕೊಳ್ಳಲು ನನ್ನ ಹತ್ತಿರ ಫಾರಂ ಇರಲಿಲ್ಲ.

ಮೂರನೇ ದಿನ ಅವಳು ಹೋದಳು. ಕಾಗದದ ಮೇಲೆ ಮಗಳು ಸಹಿ ಮಾಡಿದಳು. ಅತ್ತಿಯ ಹೆಬ್ಬೆಟ್ಟನ್ನು ಯಾರೂ ಕೇಳಲಿಲ್ಲ.

ಅದಾದ ವಾರ ಪಣಜಿಗೆ ಹೋಗಿ ಮೇಡಂ ಮೇಜಿನ ಮೇಲೆ ಹತ್ತು ಹಳದಿ ಚೀಟಿಗಳನ್ನು ಇಟ್ಟು ಎಲ್ಲ ಹೇಳಿದೆ. ಅತ್ತಿಯ ಬೆರಳಿನ ವಿಷಯವನ್ನೂ ಹೇಳಿದೆ. ಹೇಳುವಾಗ ಒಂದೆರಡು ಕಡೆ ನಗಿಸಲು ಹೋದೆ, ಅಭ್ಯಾಸ ನೋಡಿ. ಮೇಡಂ ನಗಲಿಲ್ಲ. ಅತ್ತಿಯ ಫಾರಂ ತೆಗೆದು, ಆ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದರು. "ಇಷ್ಟು ಬಡತನದಲ್ಲೂ ಇಷ್ಟು ನೆಮ್ಮದಿ ಹೇಗೆ ಅಂತ ನಾನು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ," ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ, ನಾಳೆಯಿಂದ ಬರಬೇಡ ಎಂದರು. ಅತ್ತಿ ತನ್ನ ಉಸಿರು ಕೊಟ್ಟು ಉಳಿಸಿದ ಕೆಲಸ ಹಾಗೆ ಮುಗಿಯಿತು.

ಎಂಬತ್ತು ಮನೆಗೂ ಮತ್ತೆ ಹೋಗಲು ಮಡಗಾಂವ್‌ನ ಹುಡುಗಿಯನ್ನು ಕಳಿಸಿದರು. ಅವಳ ಕನ್ನಡ ಕುಂಟುತ್ತಿತ್ತು. ನಾನು ಅವಳಿಗೆ ಒಂದೇ ಮಾತು ಹೇಳಿಕೊಟ್ಟೆ: ಎರಡನೇ ಸಲ ಕೇಳು, ಕೇಳಿ ಸುಮ್ಮನೆ ಕೂತಿರು. ಹತ್ತು ಚೀಟಿ ಮೊದಲ ಎರಡು ದಿನದಲ್ಲೇ ಮುಗಿದವು. ಅತ್ತಿಯ ಮನೆಗೆ ಬೀಗ. ಅವಳ ಹೆಸರಿನ ಫಾರಂ ಇನ್ನೊಂದು ಆಗುವಂತಿರಲಿಲ್ಲ. ಅದರ ಮೇಲಿರುವುದು ಈಗಲೂ ನನ್ನ ಬೆರಳು.

ಈಗ ನಮ್ಮ ಮನೆಯ ನೀರು ತರುವುದು ನಾನೇ. ಆ ಬಾಗಲಕೋಟೆಯ ಹುಡುಗಿ, ಈಗ ಕಂಕುಳಲ್ಲಿ ಕೂಸು, ನಿನ್ನೆ ನಳದ ಹತ್ತಿರ ಸಿಕ್ಕಳು.

"ಆರಾಮೇನ್ರಿ ಅಣ್ಣಾರ?" ಎಂದಳು.

"ಆರಾಮ ಅದೀನವಾ," ಎಂದೆ.

ಅವಳು ಕೊಡ ಎತ್ತಿಕೊಂಡು ಹೋದಳು. ನನ್ನ ಕೊಡ ಅರ್ಧ ತುಂಬಿತು, ಪೂರ್ತಿ ತುಂಬಿತು, ಉಕ್ಕಿತು. ಹಿಂದಿನವರು ಕೂಗತೊಡಗಿದರು. ನಾನು ಖಾಲಿ ಕಟ್ಟೆಯ ಕಡೆ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.